ಚಾಕು ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆಯೇ? ಆಪರೇಷನ್ನಿನ ಆಸುಪಾಸಿನ ದಿನಗಳಲ್ಲಿ ಮೈಯೊಳಗೆ ಆಗುವುದೇನು

ಚಿಕ್ಕಮ್ಮನ ಎದೆಯಲ್ಲಿ ಗಂಟು ಸಿಕ್ಕಿದಾಗ ಅದು ಹುಣಸೆ ಬೀಜದಷ್ಟಿತ್ತು. ಹಾಸನದ ಡಾಕ್ಟರು ಬಯಾಪ್ಸಿ ಮಾಡಿಸಿ, ತಡ ಮಾಡದೆ ಆಪರೇಷನ್ ಮಾಡಿಸಿಕೊಳ್ಳಿ ಎಂದರು. ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಹೋಗಿತ್ತು. ನೋಡಲು ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು. "ಚಾಕು ಮಾತ್ರ ತಾಗಿಸ್ಬೇಡ ಕಣಮ್ಮ. ಒಂದ್ಸಲ ಗಾಳಿ ಸೋಕಿದ್ರೆ ಮೈಯೆಲ್ಲ ಹಬ್ಬುತ್ತೆ." ಒಬ್ಬರು ತಮ್ಮ ಓರಗಿತ್ತಿಯ ಕಥೆ ಹೇಳಿದರು, ಇನ್ನೊಬ್ಬರು ಅಣ್ಣನ ಕಥೆ. ಚಿಕ್ಕಮ್ಮ ಹೆದರಿದರು. ನಾಟಿ ಔಷಧಿ, ಲೇಪ, ಪಥ್ಯ ಅಂತ ನಾಲ್ಕು ತಿಂಗಳು ಕಳೆಯಿತು. ಕೊನೆಗೆ ಬೆಂಗಳೂರಿನ ಬಸ್ಸು ಹತ್ತಿದಾಗ ಗಂಟು ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು.

ಆ ನಾಲ್ಕು ತಿಂಗಳು ನನ್ನನ್ನು ಈಗಲೂ ಚುಚ್ಚುತ್ತವೆ. ಅವರ ಪಕ್ಕ ಕೂತು, "ಹಂಗಲ್ಲ ಚಿಕ್ಕಮ್ಮ, ವಿಷಯ ಹೀಗಿದೆ" ಎಂದು ಬಿಡಿಸಿ ಹೇಳುವಷ್ಟು ನನಗೆ ಗೊತ್ತಿರಲಿಲ್ಲ. "ಅದೆಲ್ಲ ಮೂಢನಂಬಿಕೆ" ಎಂದು ಸುಮ್ನೆ ಬಾಯಿ ಮುಚ್ಚಿಸಿದ್ದೆ. ಅದರಿಂದ ಭಯ ಹೋಗಲಿಲ್ಲ, ಮಾತು ನಿಂತಿತು ಅಷ್ಟೆ. ಆಮೇಲೆ ಈ ವಿಷಯ ಓದುತ್ತಾ ಹೋದಂತೆ ಗೊತ್ತಾಯಿತು. ಊರಿನವರ ಮಾತು ತಪ್ಪೇ. ಆದರೆ ಅದರೊಳಗೆ ಒಂದು ನಿಜವಾದ ಪ್ರಶ್ನೆ ಅಡಗಿದೆ. ಆಪರೇಷನ್ ಆದ ಮೇಲೆ ಕೆಲವು ದಿನ ಮೈಯ ರಕ್ಷಣೆ ಕುಗ್ಗುತ್ತದೆ. ಆ ದಿನಗಳಲ್ಲಿ ಏನು ಮಾಡಬಹುದು ಎಂದು ಡಾಕ್ಟರುಗಳೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಅದಕ್ಕೆ ಸಿಕ್ಕಿರುವ ಒಂದು ಒಳ್ಳೆಯ ಉತ್ತರ ನಮ್ಮ ದೇಶದಿಂದಲೇ ಬಂದಿದೆ.

ಮೊದಲು ಗಾಳಿಯ ಮಾತು ಮುಗಿಸೋಣ. ಗಾಳಿ ತಾಗಿ ಕ್ಯಾನ್ಸರ್ ಹಬ್ಬುವುದಿಲ್ಲ. ಈ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ, ಅದೂ ತಪ್ಪು. ಅಮೆರಿಕದ ಶ್ವಾಸಕೋಶ ಕ್ಲಿನಿಕ್‌ಗಳಿಗೆ ಬಂದವರನ್ನು ಕೇಳಿ ನಡೆಸಿದ ಒಂದು ಸಮೀಕ್ಷೆ 2003ರಲ್ಲಿ ಪ್ರಕಟವಾಯಿತು. ಅಲ್ಲಿ ಶೇ 38ರಷ್ಟು ಜನ ಇದನ್ನೇ ನಂಬಿದ್ದರು. ಇದು ಹುಟ್ಟಿದ್ದು ಹೇಗೆ ಎಂದು ಊಹಿಸುವುದು ಕಷ್ಟವಲ್ಲ. ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ಹೊಟ್ಟೆ ತೆರೆದು ನೋಡಿದಾಗಲೇ ರೋಗ ಎಲ್ಲ ಕಡೆ ಹರಡಿರುವುದು ಕಾಣುತ್ತಿತ್ತು. ಏನೂ ಮಾಡಲಾಗದೆ ಹೊಲಿದು ಕಳಿಸುತ್ತಿದ್ದರು. ರೋಗಿ ಕೆಲವೇ ವಾರಗಳಲ್ಲಿ ತೀರಿಕೊಂಡರೆ ಮನೆಯವರು ಯಾರನ್ನು ದೂರಬೇಕು? ಚಾಕುವನ್ನೇ.

ಕಾಯುವುದರ ಲೆಕ್ಕವೂ ಇದೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು ಹಲವು ಬಗೆಯ ಕ್ಯಾನ್ಸರ್‌ಗಳನ್ನು ನೋಡಿತು. ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ ಎಂದಿತು. ಚಿಕ್ಕಮ್ಮ ಕಳೆದುಕೊಂಡದ್ದು ನಾಲ್ಕು ವಾರವಲ್ಲ, ನಾಲ್ಕು ತಿಂಗಳು. ಮುಂದೆ ಏನೇ ಓದಿದರೂ ಈ ಲೆಕ್ಕ ನೆನಪಿರಲಿ. ಗಡ್ಡೆಯಾಗಿ ಬೆಳೆದ ಬಹುತೇಕ ಕ್ಯಾನ್ಸರ್‌ಗಳಿಗೆ ಪೂರ್ತಿ ವಾಸಿಯಾಗುವ ದಾರಿ ಇವತ್ತಿಗೂ ಆಪರೇಷನ್ ಟೇಬಲ್ಲಿನ ಮೇಲಿಂದಲೇ ಹೋಗುತ್ತದೆ.

ಈಗ ಒಳಗಿನ ಪ್ರಶ್ನೆ. ಸರ್ಜನ್ನಿನ ಚಾಕುವಿಗೂ ಚಿರತೆಯ ಉಗುರಿಗೂ ನಮ್ಮ ಮೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅರಿವಳಿಕೆ ಕೊಟ್ಟು ನಮ್ಮನ್ನು ಮಲಗಿಸಿರುತ್ತಾರೆ ನಿಜ, ಆದರೆ ಮೈ ಮಲಗಿರುವುದಿಲ್ಲ. ಚರ್ಮ ಸೀಳಿದೊಡನೆ ಅಡ್ರಿನಲಿನ್ ನುಗ್ಗುತ್ತದೆ. ಹಿಂದೆಯೇ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ಗಾಯದ ಜಾಗದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಮೊದಲು ಉರಿಯೂತ ಜೋರಾಗಿ ಏಳುತ್ತದೆ. ಅದು ಕೈಮೀರಿ ಮೈಯನ್ನೇ ಸುಡಬಾರದಲ್ವಾ? ಅದಕ್ಕೆ ಮೈಯೇ ತನ್ನ ರಕ್ಷಣಾ ಪಡೆಗೆ ಕಡಿವಾಣ ಹಾಕುತ್ತದೆ. ಚಿರತೆಯಿಂದ ತಪ್ಪಿಸಿಕೊಂಡವನಿಗೆ ಇದು ಒಳ್ಳೆಯ ಏರ್ಪಾಡು. ಮೈಯಲ್ಲಿ ಅಲ್ಲಲ್ಲಿ ಕ್ಯಾನ್ಸರ್ ಕೋಶ ಉಳಿದಿರಬಹುದಾದ ರೋಗಿಗೆ ಇದೇ ಕಡಿವಾಣ ತೊಂದರೆ ತರಬಹುದು.

ಹೆಚ್ಚು ಏಟು ತಿನ್ನುವುದು ನ್ಯಾಚುರಲ್ ಕಿಲ್ಲರ್ ಎಂಬ ಬಿಳಿ ರಕ್ತಕಣಗಳು. ಇವು ಗಸ್ತು ಪೊಲೀಸರಿದ್ದಂತೆ. ಎದುರಿಗೆ ಸಿಕ್ಕ ಕೋಶದ ಗುರುತಿನ ಚೀಟಿ ನೋಡುತ್ತವೆ. ಚೀಟಿ ಇಲ್ಲದಿದ್ದರೆ ಅಥವಾ ಚಹರೆ ಸರಿಯಿಲ್ಲದಿದ್ದರೆ ಹತ್ತಿರ ಸರಿದು ಅಂಟಿಕೊಳ್ಳುತ್ತವೆ, ಅದರ ಗೋಡೆಗೆ ಸಣ್ಣ ತೂತು ಕೊರೆಯುತ್ತವೆ, ಆ ತೂತಿನಿಂದ ವಿಷದಂಥ ಕಿಣ್ವ ಒಳಗೆ ಬಿಡುತ್ತವೆ. ಸ್ವಲ್ಪ ಹೊತ್ತಿನಲ್ಲೇ ಆ ಕೋಶ ಮುದುರಿ ಸಾಯುತ್ತದೆ. ಆಪರೇಷನ್ನಿಗೆ ಮುಂಚೆ ಮತ್ತು ನಂತರ ರೋಗಿಯ ರಕ್ತ ತೆಗೆದು, ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳ ಜೊತೆ ಬೆರೆಸಿ, ಎಷ್ಟು ಸತ್ತವು ಎಂದು ಎಣಿಸಬಹುದು. ಹಾಗೆ ಎಣಿಸಿದ ಹಲವರು ಕಂಡದ್ದು ಒಂದೇ. ದೊಡ್ಡ ಆಪರೇಷನ್ ಆದ ಮೊದಲ ಕೆಲವು ದಿನ ಈ ಕೊಲ್ಲುವ ಶಕ್ತಿ ಚೆನ್ನಾಗಿ ಕುಸಿಯುತ್ತದೆ. ಮತ್ತೆ ಮೊದಲಿನಂತಾಗಲು ಕೆಲವರಿಗೆ ವಾರಗಳೇ ಬೇಕು. ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳೂ ಸುಮ್ಮನಾಗುತ್ತವೆ. ಉಳಿದ ಕಣಗಳನ್ನು ತಣ್ಣಗಿಡುವ ಕೋಶಗಳ ಸಂಖ್ಯೆ ಏರುತ್ತದೆ.

ಇದೇ ಹೊತ್ತಿಗೆ ಗಾಯ ಮಾಯುವ ಕೆಲಸವೂ ನಡೆದಿರುತ್ತದೆ. ಮಾಯಬೇಕಾದರೆ ಹೊಸ ರಕ್ತನಾಳ ಬೇಕು, ಕೋಶಗಳು ಬೇಗ ಬೇಗ ಒಡೆದು ಹೆಚ್ಚಬೇಕು. "ಬೆಳೆಯಿರಿ" ಎಂಬ ಈ ಕೂಗು ಹೊಲಿಗೆಯ ಜಾಗಕ್ಕೆ ಮಾತ್ರ ಕೇಳಿಸುವುದಿಲ್ಲ. ಮೂಳೆಯಲ್ಲೋ ಶ್ವಾಸಕೋಶದಲ್ಲೋ ಮೊದಲೇ ಹೋಗಿ ಅಡಗಿ ಕೂತಿದ್ದ ನಾಲ್ಕಾರು ಕ್ಯಾನ್ಸರ್ ಕೋಶಗಳಿಗೂ ಕೇಳಿಸಬಹುದು. ಗಡ್ಡೆಯನ್ನು ಅಲುಗಾಡಿಸುವಾಗ ಕೆಲವು ಕೋಶ ರಕ್ತಕ್ಕೆ ಜಾರುವುದೂ ಉಂಟು. ಅವುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಉಳಿದ ಒಂದೆರಡನ್ನು ಹಿಡಿಯಬೇಕಾದ ಪೊಲೀಸರು ಅವತ್ತೇ ರಜೆಯಲ್ಲಿರುತ್ತಾರೆ, ತೊಂದರೆ ಇರುವುದು ಅಲ್ಲಿ.

ಇದು ಬರೀ ಊಹೆಯಲ್ಲ ಎನ್ನಲು ಸುಳಿವುಗಳಿವೆ. ಇಟಲಿಯ ಮಿಲಾನಿನ ರೊಮಾನೊ ಡೆಮಿಕೆಲಿ ಮತ್ತು ಜೊತೆಗಾರರು ಸ್ತನ ತೆಗೆಸಿಕೊಂಡ ಮಹಿಳೆಯರ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ರೋಗ ಮರಳುವುದು ಸಮನಾಗಿ ಹರಡಿರಲಿಲ್ಲ. ಆಪರೇಷನ್ನಿನ ಎರಡು ವರ್ಷದ ಆಸುಪಾಸಿನಲ್ಲಿ ಒಂದು ಏರು, ಐದು ವರ್ಷದ ಹೊತ್ತಿಗೆ ಇನ್ನೊಂದು. ಮೊದಲ ಏರಿಗೆ ಆಪರೇಷನ್ನಿನ ದಿನಗಳಲ್ಲೇ ಏನೋ ಕಿಡಿ ಹೊತ್ತಿರಬೇಕು ಎಂಬುದು ಅವರ ವಾದ. 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಟಿ ಕೋಶಗಳು ಅದುಮಿಟ್ಟಿದ್ದ ಸಣ್ಣ ಗಡ್ಡೆಗಳಿದ್ದ ಇಲಿಗಳಿಗೆ ಗಡ್ಡೆಯಿಂದ ದೂರದಲ್ಲಿ ಸುಮ್ನೆ ಒಂದು ಗಾಯ ಮಾಡಿ ಹೊಲಿದರು. ಗಡ್ಡೆಗಳು ಎದ್ದು ಬೆಳೆದವು. ಗಾಯದ ಹೊತ್ತಿಗೆ ಮೆಲಾಕ್ಸಿಕಾಮ್ ಎಂಬ ಉರಿಯೂತ ಇಳಿಸುವ ಔಷಧಿ ಕೊಟ್ಟಾಗ ಅಷ್ಟು ಬೆಳೆಯಲಿಲ್ಲ. ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಆದರೂ ಗಮನಿಸಿ, ಇಲ್ಲಿ ಕಿಡಿ ಹೊತ್ತಿಸಿದ್ದು ಗಾಳಿಯಲ್ಲ, ಗಾಯಕ್ಕೆ ಮೈ ಕೊಟ್ಟ ಪ್ರತಿಕ್ರಿಯೆ. ಗಾಳಿಯನ್ನು ತಡೆಯಲಾಗುವುದಿಲ್ಲ, ಪ್ರತಿಕ್ರಿಯೆಯನ್ನು ತಗ್ಗಿಸಬಹುದು. ಭಯಕ್ಕೂ ಚಿಕಿತ್ಸೆಗೂ ಇರುವ ದೂರ ಅಷ್ಟೇ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ರಾಜೇಂದ್ರ ಬಡ್ವೆ ಮತ್ತು ತಂಡ ಈ ಬಾಗಿಲನ್ನೇ ತಟ್ಟಿದರು. ಅವರು ಹೊಸ ಔಷಧಿ ಹುಡುಕಲಿಲ್ಲ. ಹಲ್ಲು ಕೀಳುವಾಗ ದವಡೆಗೆ ಚುಚ್ಚುತ್ತಾರಲ್ಲ, ಆ ಲಿಡೋಕೇನ್. ಯಾವ ಊರಿನ ಔಷಧಿ ಅಂಗಡಿಯಲ್ಲೂ ಸಿಗುವಂಥದ್ದು, ಪೇಟೆಂಟ್ ಮುಗಿದು ದಶಕಗಳಾಗಿವೆ. ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ, ಚಾಕು ಹಿಡಿಯುವ 7ರಿಂದ 10 ನಿಮಿಷ ಮುಂಚೆ, ಸ್ತನದ ಗಡ್ಡೆಯ ಸುತ್ತಲೂ ಅದನ್ನು ಚುಚ್ಚುತ್ತಾರೆ. ನಂತರ ಎಂದಿನಂತೆ ಆಪರೇಷನ್. ದೇಶದ 11 ಆಸ್ಪತ್ರೆಗಳಲ್ಲಿ 1,600 ಮಹಿಳೆಯರು ಇದರಲ್ಲಿ ಸೇರಿದರು. ಅರ್ಧ ಜನಕ್ಕೆ ಇಂಜೆಕ್ಷನ್, ಅರ್ಧ ಜನಕ್ಕೆ ಇಲ್ಲ. ಆಯ್ಕೆ ಚೀಟಿ ಎತ್ತಿದಂತೆ.

ಫಲಿತಾಂಶ 2022ರಲ್ಲಿ ಪ್ಯಾರಿಸ್ಸಿನ ಯುರೋಪಿಯನ್ ಕ್ಯಾನ್ಸರ್ ಸಮ್ಮೇಳನದಲ್ಲಿ ಹೊರಬಂತು, ಮುಂದಿನ ವರ್ಷ ಪತ್ರಿಕೆಯಲ್ಲಿ ಪ್ರಕಟವಾಯಿತು. ಐದು ವರ್ಷದ ನಂತರ ಇಂಜೆಕ್ಷನ್ ಪಡೆದವರಲ್ಲಿ ಶೇ 90.1 ಜನ ಬದುಕಿದ್ದರು, ಪಡೆಯದವರಲ್ಲಿ ಶೇ 86.4. ರೋಗ ಮರಳದೆ ಇದ್ದವರು ಶೇ 86.6 ಮತ್ತು 82.6. ನೂರಕ್ಕೆ ಸುಮಾರು ನಾಲ್ಕು ಜನ. ಕೇಳಲು ಸಣ್ಣದು ಅನಿಸುತ್ತದೆ. ಆದರೆ ಲಕ್ಷಾಂತರ ರೂಪಾಯಿಯ ಎಷ್ಟೋ ಔಷಧಿಗಳು ಇಷ್ಟೇ ಲಾಭ ತೋರಿಸಲು ಹೆಣಗುತ್ತವೆ. ಬಡ ರೋಗಿಯೂ ಕೊಡಬಲ್ಲಷ್ಟು ದುಡ್ಡಿನ ಇಂಜೆಕ್ಷನ್ನಿನಿಂದ ಇಷ್ಟು ಸಿಕ್ಕಿತು ಎಂಬುದು ನನ್ನ ಮಟ್ಟಿಗೆ ಬಲು ದೊಡ್ಡ ಸುದ್ದಿ. ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಎಂಬ ಬೇಸರ ನನಗಿದೆ.

ಇದು ಹೇಗೆ ಕೆಲಸ ಮಾಡಿತು? ಕ್ಯಾನ್ಸರ್ ಕೋಶಗಳ ಮೇಲೂ ನರಗಳ ಮೇಲಿರುವಂಥ, ಸೋಡಿಯಂ ಒಳಹೋಗುವ ಬಾಗಿಲುಗಳಿವೆ. ಚಾಕು ಮುಟ್ಟಿದಾಗ ಈ ಬಾಗಿಲುಗಳ ಮೂಲಕ ಕೋಶಕ್ಕೆ "ಎದ್ದು ನಡೆ" ಎಂಬ ಸೂಚನೆ ಹೋಗುತ್ತದೆ, ಲಿಡೋಕೇನ್ ಆ ಬಾಗಿಲು ಮುಚ್ಚುತ್ತದೆ ಎಂಬುದು ತಂಡದ ವಿವರಣೆ. ಅಂದರೆ ಗಡ್ಡೆಯ ಕಡೆಯಿಂದಲೇ ಹೊರಡುವ ಸುದ್ದಿಯನ್ನು ತಡೆದಂತೆ. ಬೇರೆ ತಂಡಗಳೂ ಇದನ್ನು ಮತ್ತೆ ಮಾಡಿ ನೋಡಬೇಕು. ಸ್ತನ ಕ್ಯಾನ್ಸರ್‌ನಲ್ಲಿ ಕಂಡದ್ದು ಬಾಯಿ, ಕರುಳಿನ ಕ್ಯಾನ್ಸರ್‌ಗಳಲ್ಲೂ ಕಾಣುತ್ತದೆ ಎಂದು ಈಗಲೇ ಹೇಳುವಂತಿಲ್ಲ.

ಹೀಗೆ ಎಚ್ಚರಿಸಲು ಕಾರಣವಿದೆ. ಇದೇ ದಾರಿಯಲ್ಲಿ ಹೊರಟ ಹಲವು ಆಸೆಗಳು ಮುಗ್ಗರಿಸಿವೆ. ಮೂಗಿನಿಂದ ಎಳೆಸುವ ಅರಿವಳಿಕೆ ಅನಿಲದ ಬದಲು ಬೆನ್ನಿನ ಪಕ್ಕ ನರ ಮರಗಟ್ಟಿಸುವ ಪದ್ಧತಿ ಬಳಸಿದರೆ ಕ್ಯಾನ್ಸರ್ ಮರಳುವುದು ಕಮ್ಮಿಯಾಗುತ್ತದೆ ಎಂದು ಬಹಳ ಜನ ನಂಬಿದ್ದರು. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 2,108 ಸ್ತನ ಕ್ಯಾನ್ಸರ್ ರೋಗಿಗಳಿದ್ದರು. ಎರಡೂ ಗುಂಪಿನಲ್ಲಿ ರೋಗ ಮರಳಿದ್ದು ಶೇ 10. ಏನೂ ವ್ಯತ್ಯಾಸವಿಲ್ಲ. ಕೀಟೊರೊಲಾಕ್ ಎಂಬ ನೋವಿನ ಇಂಜೆಕ್ಷನ್ ಪಡೆದವರಿಗೆ ಒಳ್ಳೆಯದಾಗಿತ್ತು ಎಂದು ಬ್ರಸೆಲ್ಸ್‌ನ ಹಳೆಯ ದಾಖಲೆಗಳು ಹೇಳಿದ್ದವು. ಸರಿಯಾದ ಪ್ರಯೋಗ ಮಾಡಿದಾಗ ಆ ಲಾಭ ಕಾಣಲಿಲ್ಲ. ಇಸ್ರೇಲಿನ ಶಮ್ಗರ್ ಬೆನ್ ಎಲಿಯಾಹು ಅವರ ತಂಡ ಆಪರೇಷನ್ನಿನ ಹಿಂದೆ ಮುಂದೆ ಕೆಲವು ದಿನ ಬಿಪಿಗೆ ಕೊಡುವ ಪ್ರೊಪ್ರನಲಾಲ್ ಮತ್ತು ಉರಿಯೂತದ ಎಟೊಡೊಲಾಕ್ ಎರಡನ್ನೂ ಕೊಟ್ಟು ನೋಡುತ್ತಿದೆ. ಒಂದು ಅಡ್ರಿನಲಿನ್ ತಡೆಯಲು, ಇನ್ನೊಂದು ಪ್ರೋಸ್ಟಗ್ಲಾಂಡಿನ್ ತಡೆಯಲು. ಕರುಳಿನ ಕ್ಯಾನ್ಸರ್‌ನಲ್ಲಿ ಮೊದಲ ಫಲ ಆಸೆ ಹುಟ್ಟಿಸುವಂತಿದೆ, ಆದರೆ ಅದರಲ್ಲಿ ಇದ್ದದ್ದು 34 ರೋಗಿಗಳು. ಇದನ್ನು ಓದಿ ಯಾರೂ ಮನೆಯಲ್ಲಿರುವ ಬಿಪಿ ಮಾತ್ರೆ ನುಂಗಬೇಡಿ, ದಯವಿಟ್ಟು. ಆಸ್ತಮಾ ಇದ್ದವರಿಗೆ ಪ್ರೊಪ್ರನಲಾಲ್ ಪ್ರಾಣಕ್ಕೇ ಕುತ್ತು ತರಬಹುದು.

ಹೊಸ ಔಷಧಿ ಬರಲಿ ಬಿಡಲಿ, ಆ ದಿನಗಳಲ್ಲಿ ಮೈಗೆ ಆಸರೆಯಾಗುವ ಸಾಮಾನ್ಯ ಸಂಗತಿಗಳಿವೆ. ಬೆಚ್ಚಗಿರುವುದು ಅದರಲ್ಲಿ ಒಂದು. ಆಪರೇಷನ್ ಥಿಯೇಟರ್ ಯಾಕೆ ಅಷ್ಟು ತಣ್ಣಗೆ ಕೊರೆಯುತ್ತದೆ ಎಂದು ಚಿಕ್ಕಮ್ಮ ಆಮೇಲೆ ಹತ್ತು ಸಲ ಕೇಳಿದ್ದರು. ಅರಿವಳಿಕೆಯಲ್ಲಿ ಮೈ ತನ್ನ ಬಿಸಿ ತಾನೇ ಕಾಯ್ದುಕೊಳ್ಳಲಾರದು. 1996ರಲ್ಲಿ ಕರುಳಿನ ಆಪರೇಷನ್ ಆದ 200 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಮೈ ತಣ್ಣಗಾಗಲು ಬಿಟ್ಟವರಲ್ಲಿ ಶೇ 19 ಜನರ ಗಾಯಕ್ಕೆ ಸೋಂಕು ತಗುಲಿತು. ಬೆಚ್ಚಗಿಟ್ಟವರಲ್ಲಿ ಶೇ 6. ಇಬ್ಬರ ಮೈ ಬಿಸಿಯಲ್ಲಿದ್ದ ವ್ಯತ್ಯಾಸ ಎರಡು ಡಿಗ್ರಿಗಿಂತ ಕಮ್ಮಿ. ಬಿಸಿಗಾಳಿಯ ಹೊದಿಕೆ ಈಗ ಒಳ್ಳೆಯ ಥಿಯೇಟರ್‌ಗಳಲ್ಲಿ ಇರುತ್ತದೆ. ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ರಕ್ತದ ವಿಷಯ ಇನ್ನೂ ಮುಖ್ಯ. ಬೇರೆಯವರ ರಕ್ತ ಏರಿಸಿದಾಗ ನಮ್ಮ ರಕ್ಷಣಾ ಪಡೆ ಸ್ವಲ್ಪ ಮಂಕಾಗುತ್ತದೆ. ಕರುಳಿನ ಕ್ಯಾನ್ಸರ್ ಆಪರೇಷನ್ನಿನಲ್ಲಿ ರಕ್ತ ಪಡೆದವರಿಗೆ ರೋಗ ಮರಳುವುದು ಜಾಸ್ತಿ ಎಂದು ಹಲವು ಅಧ್ಯಯನಗಳು ಕಂಡಿವೆ. ಪ್ರಾಣಕ್ಕೆ ಬೇಕಾದಾಗ ರಕ್ತ ಬೇಡ ಎನ್ನುವಂತಿಲ್ಲ. ಆದರೆ ಬೇಕಾಗದಂತೆ ಮೊದಲೇ ನೋಡಿಕೊಳ್ಳಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಜನಕ್ಕೆ ರಕ್ತಹೀನತೆ ಇತ್ತು. ಹತ್ತಿರ ಹತ್ತಿರ ಅರ್ಧ. ಅದಕ್ಕೇ ತಾರೀಖು ಗೊತ್ತಾದ ದಿನವೇ ಹಿಮೋಗ್ಲೋಬಿನ್ ಎಷ್ಟಿದೆ ನೋಡಬೇಕು. ಕಡಿಮೆ ಇದ್ದರೆ ಕಬ್ಬಿಣದ ಇಂಜೆಕ್ಷನ್ ಬಗ್ಗೆ ಕೇಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು, ಗುಟ್ಕಾ ಅವತ್ತೇ ನಿಲ್ಲಬೇಕು. ಮೊಟ್ಟೆ, ಕಾಳು, ಹಾಲು, ಮೀನು, ಮನೆಯಲ್ಲಿ ರೂಢಿಯಿರುವ ಯಾವುದಾದರೂ ಪ್ರೋಟೀನು ಹೊಟ್ಟೆಗೆ ಬೀಳಬೇಕು. ಗಂಜಿ ನೀರು ಕುಡಿಸಿ ಪಥ್ಯ ಮಾಡಿಸುವ ಹೊತ್ತಲ್ಲ ಅದು.

ಇನ್ನೊಂದು, ನೋವು. ನಮ್ಮ ಹೆಂಗಸರು ನೋವು ನುಂಗಿಕೊಳ್ಳುವುದನ್ನು ಗುಣ ಅಂದುಕೊಂಡಿದ್ದಾರೆ. ನರ್ಸ್ ಬಂದು ಕೇಳಿದರೆ ಚಿಕ್ಕಮ್ಮ, "ಪರ್ವಾಗಿಲ್ಲ ಕಣಮ್ಮ, ತಡ್ಕೋತೀನಿ" ಎನ್ನುತ್ತಿದ್ದರು. ತಡೆದುಕೊಂಡ ನೋವು ಒಳಗೆ ಅಡ್ರಿನಲಿನ್ ಕಾರ್ಟಿಸಾಲ್‌ಗಳನ್ನು ಏರಿಸುತ್ತಲೇ ಇರುತ್ತದೆ. ಇಲಿಗಳಲ್ಲಿ ಆಪರೇಷನ್ನಿನ ನೋವನ್ನು ಚೆನ್ನಾಗಿ ಇಳಿಸಿದಾಗ ಶ್ವಾಸಕೋಶಕ್ಕೆ ಹರಡಿದ ಗಡ್ಡೆಗಳು ಕಮ್ಮಿಯಾಗಿದ್ದವು. ಮನುಷ್ಯರಲ್ಲಿ ಇದು ಸಾಬೀತಾಗಿಲ್ಲ. ಆದರೂ ನೋವು ಇಳಿದರೆ ಬೇಗ ಎದ್ದು ನಡೆಯಬಹುದು, ಆಳವಾಗಿ ಉಸಿರಾಡಬಹುದು, ನ್ಯುಮೋನಿಯಾ ದೂರವಿರುತ್ತದೆ. ಅಷ್ಟೇ ಸಾಕಲ್ಲ ಕೇಳಲು.

ಸಂತೆಯಲ್ಲೂ ಮೊಬೈಲಿನಲ್ಲೂ ಮಾರುವ "ಇಮ್ಯೂನಿಟಿ ಬೂಸ್ಟರ್" ಪುಡಿಗಳು ಈ ಪಟ್ಟಿಯಲ್ಲಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರಿಗೆ ಪೆಟ್ಟು ಬಿದ್ದವರ ಬಗ್ಗೆ ಮುಂಬೈನ ವೈದ್ಯರು ವರದಿ ಮಾಡಿದ್ದರು. ಏನೇ ತೆಗೆದುಕೊಳ್ಳುತ್ತಿದ್ದರೂ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಹೊಟ್ಟೆಯ ಕೆಲವು ಆಪರೇಷನ್‌ಗಳಲ್ಲಿ ಸೋಂಕಿನ ವಿರುದ್ಧ ಕಾಯುವ ಗುಲ್ಮ (ಸ್ಪ್ಲೀನ್) ಎಂಬ ಅಂಗವನ್ನೂ ತೆಗೆಯಬೇಕಾಗುತ್ತದೆ. ಹಾಗಿದ್ದರೆ ನ್ಯುಮೋಕಾಕಲ್, ಮೆನಿಂಗೊಕಾಕಲ್ ಮುಂತಾದ ಲಸಿಕೆಗಳನ್ನು ಸಾಧ್ಯವಾದರೆ ಎರಡು ವಾರ ಮುಂಚೆಯೇ ಹಾಕಿಸಬೇಕು. ಗುಲ್ಮ ಇಲ್ಲದವರಿಗೆ ಜ್ವರ ಬಂದರೆ ಅದು ತುರ್ತು, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಆಪರೇಷನ್ ರಕ್ಷಣಾ ಪಡೆಯ ಮೇಲೆ ಬಿಡುವ ಇನ್ನೊಂದು ಗುರುತು ಕೆಲವೇ ದಿನಗಳದ್ದಲ್ಲ. ಅದು ಲಿಂಫ್ ಗ್ರಂಥಿಗಳದ್ದು. ಕಂಕುಳು, ಕುತ್ತಿಗೆ, ತೊಡೆಸಂದಿಯ ಈ ಸಣ್ಣ ಗ್ರಂಥಿಗಳು ಟಿ ಕೋಶಗಳಿಗೆ ಶಾಲೆ ಇದ್ದಂತೆ. ಶತ್ರು ಹೇಗಿದ್ದಾನೆ ಎಂದು ಅವು ಕಲಿಯುವುದು ಇಲ್ಲಿಯೇ. ಹಲವು ಕ್ಯಾನ್ಸರ್‌ಗಳು ಮೊದಲು ಹೋಗಿ ಸೇರುವುದೂ ಇಲ್ಲಿಯೇ. ತೆಗೆಯಬೇಕೋ ಬಿಡಬೇಕೋ? ಬಾಯಿ ಕ್ಯಾನ್ಸರ್‌ಗೆ ಟಾಟಾ ಆಸ್ಪತ್ರೆಯ ಅನಿಲ್ ಡಿಕ್ರೂಜ್ ತಂಡ 2015ರಲ್ಲಿ ಸ್ಪಷ್ಟ ಉತ್ತರ ಕೊಟ್ಟಿತು. ಶುರುವಿನ ಹಂತದ ರೋಗಿಗಳಲ್ಲಿ ಕುತ್ತಿಗೆಯ ಗ್ರಂಥಿಗಳನ್ನೂ ಆಗಲೇ ತೆಗೆದವರಲ್ಲಿ ಮೂರು ವರ್ಷದ ನಂತರ ಶೇ 80 ಜನ ಬದುಕಿದ್ದರು. ಕಾದು ನೋಡಿದವರಲ್ಲಿ ಶೇ 67.5. ಸ್ತನ ಕ್ಯಾನ್ಸರ್‌ನಲ್ಲಿ ಮಾತ್ರ ಗಾಳಿ ಬೇರೆ ಕಡೆ ಬೀಸುತ್ತಿದೆ. ಮೊದಲ ಒಂದೆರಡು ಗ್ರಂಥಿ ಪರೀಕ್ಷಿಸಿ, ರೋಗ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ.

ಶಾಲೆ ಇರುವಾಗಲೇ ಪಾಠ ಹೇಳಿಸಿದರೆ ಹೇಗೆ? 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ಇದನ್ನೇ ಕೇಳಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದವರಿಗೆ ಪೆಂಬ್ರೊಲಿಝುಮಾಬ್ ಎಂಬ ಇಮ್ಯುನೋಥೆರಪಿ, ಅಂದರೆ ಮೈಯ ರಕ್ಷಣಾ ಪಡೆಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ. ಎರಡೂ ಗುಂಪಿಗೆ ಅದೇ ಔಷಧಿ, ಅದೇ 18 ಡೋಸು. ಒಂದು ಗುಂಪಿಗೆ ಎಲ್ಲವೂ ಆಪರೇಷನ್ ನಂತರ, ಇನ್ನೊಂದಕ್ಕೆ ಮೂರು ಡೋಸು ಮುಂಚೆ, ಉಳಿದದ್ದು ನಂತರ. ಎರಡು ವರ್ಷಕ್ಕೆ ರೋಗ ಮರಳದೆ, ಉಲ್ಬಣಿಸದೆ ಇದ್ದವರು ಮೊದಲ ಗುಂಪಿನಲ್ಲಿ ಶೇ 49, ಎರಡನೆಯದರಲ್ಲಿ ಶೇ 72. ಬದಲಾದದ್ದು ಹೊತ್ತು ಮಾತ್ರ. ಗಡ್ಡೆ ಮೈಯಲ್ಲಿರುವಾಗ ಟಿ ಕೋಶಗಳಿಗೆ ಅದನ್ನು ನೋಡಿ ಕಲಿಯಲು ಸಿಗುತ್ತದೆ. 2025ರ ಜೂನ್‌ನಲ್ಲಿ ಇದೇ ಔಷಧಿಗೆ ಕೆಲವು ತಲೆ ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಆಪರೇಷನ್ನಿಗೆ ಮುಂಚೆ ಮತ್ತು ನಂತರ ಕೊಡಲು ಅಮೆರಿಕ ಒಪ್ಪಿಗೆ ನೀಡಿತು. ಅಡಿಕೆ, ಗುಟ್ಕಾ ಜಗಿಯುವ ನಮ್ಮ ರಾಜ್ಯಕ್ಕೆ ಇದು ನೇರ ಸಂಬಂಧಪಟ್ಟದ್ದು. ಆದರೆ ಖರ್ಚು ಲಕ್ಷಗಟ್ಟಲೆ. ಇಲ್ಲೂ ಟಾಟಾದವರು ಒಂದು ದಾರಿ ತೋರಿಸಿದ್ದಾರೆ. ತಲೆ ಕುತ್ತಿಗೆಯ ಕ್ಯಾನ್ಸರ್ ವಾಸಿಯಾಗದ ಹಂತ ಮುಟ್ಟಿದವರಿಗೆ ಮಾತ್ರೆಗಳ ಚಿಕಿತ್ಸೆಯ ಜೊತೆ ನಿವೊಲುಮಾಬ್ ಎಂಬ ಇನ್ನೊಂದು ಇಮ್ಯುನೋಥೆರಪಿಯನ್ನು ಬರೀ 20 ಮಿಲಿಗ್ರಾಂ ಸೇರಿಸಿ ಕೊಟ್ಟರು. ಮಾಮೂಲಿ ಡೋಸಿನ ಹತ್ತನೇ ಒಂದು ಪಾಲಿಗಿಂತ ಕಮ್ಮಿ. ಒಂದು ವರ್ಷಕ್ಕೆ ಬದುಕಿದ್ದವರು ಶೇ 43.4, ಅದಿಲ್ಲದೆ ಶೇ 16.3. ಆಪರೇಷನ್ನಿಗೆ ಮುಂಚೆಯೂ ಹೀಗೆ ಸ್ವಲ್ಪದರಲ್ಲೇ ಸಾಕೇ ಎಂಬುದನ್ನು ನಮ್ಮಂಥ ದೇಶಗಳೇ ಕಂಡುಕೊಳ್ಳಬೇಕು. ದುಬಾರಿ ಡೋಸು ಮಾರುವವರಿಗೆ ಅದರ ಅವಸರ ಯಾಕಿರುತ್ತದೆ?

ಚಿಕ್ಕಮ್ಮನ ಕಂಕುಳಿನ ಗ್ರಂಥಿಗಳನ್ನು ತೆಗೆಯಲೇಬೇಕಾಯಿತು, ರೋಗ ಅಲ್ಲಿಗೆ ತಲುಪಿತ್ತು. ಆ ಎಡಗೈಗೆ ಈಗ ಕಾವಲು ಕಮ್ಮಿ. ಒಂದು ಸಣ್ಣ ಮುಳ್ಳು ಚುಚ್ಚಿದರೂ ಕೀವಾಗಿ, ಕೈಯೆಲ್ಲ ಕೆಂಪಾಗಿ ಬಾತುಕೊಳ್ಳಬಹುದು ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಆದರೂ ಹಿತ್ತಲು ಬಿಟ್ಟಿರಲು ಅವರಿಂದಾಗದು. ದಪ್ಪನೆಯ ರಬ್ಬರ್ ಗ್ಲೌಸು ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಾರೆ. ಸಂಜೆ ಕೈತೊಳೆದು, ಬೆಳಕಿಗೆ ಹಿಡಿದು, ಬೆರಳು ಬೆರಳನ್ನೂ ತಿರುಗಿಸಿ ಗೀರು ಬಿದ್ದಿದೆಯಾ ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ಕೊಬ್ಬರಿ ಎಣ್ಣೆ ಸವರುತ್ತಾರೆ.